ಒಂದು ಸ್ವರ ಕೆಳಗೆ

"ನನ್ನ ಗಂಟಲು ಸತ್ತಿದೆ ಅಂತ ನಿನಗೆ ಹೇಳಿದ್ಯಾರು? ನೀನೇ ಹೂತು ಬಂದ್ಯಾ?"

ಕನ್ನಡಿಯ ಮುಂದಿದ್ದ ಕುರ್ಚಿಯನ್ನು ಕಾಲಿನಿಂದ ತಳ್ಳಿ ಎದ್ದು ನಿಂತಳು ಗಾಯಕಿ. ಐವತ್ತಾರು ವರ್ಷ. ಹಣೆಯ ಮೇಲೆ ಬೆವರು, ಕಣ್ಣಲ್ಲಿ ಕಿಡಿ. ವಾದ್ಯದವರೆಲ್ಲ ಅವಳಿಗೆ ಕೆಂಡ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

"ಮೆತ್ತಗೆ ಮಾತಾಡೇ… ಪರದೆ ಆಚೆ ಜನ ಕೂತಿದ್ದಾರೆ," ಎಂದ ಗಿಟಾರಿನವನು.

"ಕೂತಿರಲಿ! ಕೇಳಲಿ! ನ್ಯಾಯಾಧೀಶರೇ ತಾನೆ? ನನಗೂ ಇವತ್ತು ನ್ಯಾಯ ಬೇಕು!"

"ಎಲ್ಲಾ ವಾದ್ಯಾನೂ ಒಂದು ಸ್ವರ ಇಳಿಸಿದೀನಿ, ಅಷ್ಟೇ. ನಿನಗೆ ಹಾಡೋಕೆ ಸುಲಭ ಆಗ್ಲಿ ಅಂತ…"

"ನಾನು ಕೇಳಿದ್ನಾ? ಸುಲಭ ಮಾಡ್ಕೊಡಪ್ಪಾ ತಂದೆ ಅಂತ ನಿನ್ನ ಕಾಲು ಹಿಡಿದಿದ್ನಾ?"

ಮೂಲೆಯಲ್ಲಿ ಕೋಲುಗಳಿಂದ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದ ಡ್ರಮ್ಮಿನವನು ತಲೆಯೆತ್ತಿದ. ಅವನ ಹೆಸರು ಗುಡುಗಪ್ಪ. ನಲವತ್ತು ವರ್ಷ ಡ್ರಮ್ಮು ಬಾರಿಸಿ ಬಾರಿಸಿ ಎಡಗಿವಿ ಪೂರ್ತಿ ಮುಚ್ಚಿಹೋಗಿತ್ತು.

"ಅಕ್ಕಾ, ಸ್ವಲ್ಪ ಬಲಗಡೆಯಿಂದ ಬೈಯಿ. ನನಗೆ ಅರ್ಧ ಜಗಳ ಕೇಳಿಸ್ತಿಲ್ಲ."

ಯಾರೂ ನಗಲಿಲ್ಲ.

ಒಂದು ಕಾಲದಲ್ಲಿ ಇವರು ರಾಕ್ ನುಡಿಸಿದರೆ ಕಟ್ಟಡದ ಗಾಜು ನಡುಗುತ್ತಿತ್ತು. ಜನ ಕುರ್ಚಿ ಮುರಿದು ಕುಣಿಯುತ್ತಿದ್ದರು. ಈಗ ಎಲ್ಲರ ತಲೆ ನೆರೆತಿದೆ. ಇವತ್ತು ನ್ಯಾಯಾಧೀಶರ ಸಂಘದ ವಾರ್ಷಿಕ ಸಭೆ. ಮಧ್ಯಾಹ್ನ ಮೂರು ಗಂಟೆ. ಕರಿ ಕೋಟು, ಇಸ್ತ್ರಿ ಹಾಕಿದ ಸೀರೆ, ಬಿಳಿ ಬಟ್ಟೆ ಹಾಸಿದ ದುಂಡು ಮೇಜು. ರಾಕ್ ಬೇಡ, ಗದ್ದಲ ಜಾಸ್ತಿ, ಬ್ಲೂಸ್ ಆದರೆ ಗಂಭೀರವಾಗಿರುತ್ತದೆ ಎಂದು ಸಂಘದ ಕಾರ್ಯದರ್ಶಿ ಪತ್ರದಲ್ಲಿ ಬರೆದಿದ್ದರು.

ಕರೆ ಬಂದಾಗ ಅವಳು ಒಂದೇ ಮಾತು ಕೇಳಿದ್ದಳು. "ಗಿಟಾರ್ ಯಾರು?"

ಅವನೇ ಎಂದು ಗೊತ್ತಾದ ಮೇಲೆ ಎರಡನೇ ಮಾತು ಕೇಳಲಿಲ್ಲ. ಬರುತ್ತೇನೆ ಅಂದುಬಿಟ್ಟಳು.

ಹನ್ನೊಂದು ವರ್ಷ!

ಹನ್ನೊಂದು ವರ್ಷದ ಕೆಳಗೆ, ಇಬ್ಬರೂ ಒಂದೇ ಮನೆಯಲ್ಲಿದ್ದಾಗ, ಅವಳ ಗಂಟಲಲ್ಲಿ ಗಂಟಾಗಿ ಆಪರೇಷನ್ ಆಗಿತ್ತು. ಆರು ವಾರ ತುಟಿ ಬಿಚ್ಚಬಾರದು ಎಂದಿದ್ದರು ಡಾಕ್ಟರು. ಅವಳು ಹಾಸಿಗೆಯ ಮೇಲೆ ಸ್ಲೇಟು ಹಿಡಿದು ಕೂತಿದ್ದಳು. ಮೂರನೇ ದಿನ ಅವನು ಗಿಟಾರಿನ ಪೆಟ್ಟಿಗೆ ಎತ್ತಿಕೊಂಡ. "ನೀನು ಹೀಗೆ ಮೂಕಿ ಥರ ಕೂತಿರೋದನ್ನ ನನ್ನ ಕೈಲಿ ನೋಡೋಕಾಗಲ್ಲ ಕಣೇ," ಎಂದು ಬೇರೆ ತಂಡದ ಜೊತೆ ಊರೂರು ಸುತ್ತಲು ಹೊರಟುಹೋದ. ಏಳನೇ ವಾರ ಬಾಗಿಲು ತಟ್ಟಿದ. ಅಷ್ಟು ಹೊತ್ತಿಗೆ ಅವಳ ದನಿ ಬಂದಿತ್ತು. ಹೊಸ ದನಿಯಲ್ಲಿ ಅವನಿಗೆ ಹೇಳಿದ ಮೊದಲನೇ ಮಾತು, "ಹೊರಡು."

ಹೊರಟ. ಗಂಡಸಿಗೆ ಹೊರಡು ಅನ್ನುವುದು ಸುಲಭ. ಅವನು ಹೋದ ಮೇಲೆ ಬದುಕುವುದು ಇದೆಯಲ್ಲ, ಅದಕ್ಕೆ ಎಂಟೆದೆ ಬೇಕು.

ಇವತ್ತು ಅವಳು ಬಂದಿದ್ದು ಹಾಡಲಿಕ್ಕಲ್ಲ. ಅವನು ಒಂದು ಸಲ, ಒಂದೇ ಒಂದು ಸಲ, "ವಾಪಸ್ ಬರ್ಲಾ?" ಅಂತ ಕೇಳಲಿ ಎಂದು. ಹೂಂ ಅನ್ನಬೇಕೆಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು.

ಆದರೆ ಬಂದು ನೋಡಿದರೆ ಏನು? ಬೇಸ್ ಗಿಟಾರ್ ನುಡಿಸುವ ಮೇಷ್ಟ್ರು, ಪಾಪದ ಮನುಷ್ಯ, ನಕ್ಕೊಂಡು ಹೇಳಿದರು. "ನಿಮ್ಮ ಗಂಟಲಿಗೆ ಹಳೇ ಎತ್ತರ ಹತ್ತೋದಿಲ್ವಂತಲ್ಲಮ್ಮಾ… ಅದಕ್ಕೆ ಎಲ್ಲಾರೂ ಇಳಿಸ್ಕೊಂಡಿದೀವಿ."

ಅವಳ ಒಳಗೆ ಏನೋ ಹರಿದುಹೋಯಿತು. 'ಅವತ್ತು ಗಂಟಲು ಕೆಟ್ಟಿತು ಅಂತ ಬಿಟ್ಟುಹೋದ. ಇವತ್ತು ಕೆಟ್ಟಿದೆ ಅಂತ ಸಾರಿದ. ಇವನಿಗೆ ನಾನು ಅಂದ್ರೆ ಬರೀ ಒಂದು ಗಂಟಲು!'

"ಏರಿಸು," ಎಂದಳು ಈಗ.

"ಬೇಡ ಕಣೇ…"

"ಹಳೇ ಶ್ರುತಿಗೇ ಏರಿಸು. ಇಲ್ಲಾಂದ್ರೆ ನಾನು ಪರದೆ ಎತ್ತಿ ಹೇಳ್ತೀನಿ. ಮಹನೀಯರೇ, ಇವನಿಗೆ ಮುದುಕಿ ಜೊತೆ ನುಡಿಸೋಕೆ ನಾಚಿಕೆಯಂತೆ, ನೀವೇ ತೀರ್ಪು ಕೊಡಿ ಅಂತ!"

ಅವನು ಅವಳ ಮುಖ ನೋಡಿದ. ತಲೆ ತಗ್ಗಿಸಿ ಗಿಟಾರಿನ ಬಿರಡೆ ತಿರುಗಿಸತೊಡಗಿದ. ಒಂದೊಂದೇ ತಂತಿ ಬಿಗಿಯಾಗುತ್ತ ಕಿರುಗುಟ್ಟಿತು. ಪಕ್ಕದಲ್ಲಿ ಮೇಷ್ಟ್ರೂ ತಮ್ಮ ಬೇಸನ್ನು ಏರಿಸಿಕೊಂಡರು.

"ಮಿಂಚೂ, ನಿಜವಾಗ್ಲೂ ಏರಿಸ್ತೀಯೇನೋ?" ಎಂದ ಗುಡುಗಪ್ಪ. ಗಿಟಾರಿನವನ ಹಳೆಯ ಅಡ್ಡಹೆಸರು ಅದು. ಬೆರಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡುತ್ತಿದ್ದ ಕಾಲದ್ದು.

"ಅವಳು ಹೇಳಿದ್ಮೇಲೆ ಮುಗೀತು."

ಗೆದ್ದೆ ಅಂದುಕೊಂಡಳು ಕೆಂಡ.

* * *

ಪರದೆ ಸರಿಯಿತು. ಇನ್ನೂರು ಜನ. ಒಬ್ಬರೂ ಕೆಮ್ಮುತ್ತಿಲ್ಲ.

"ಆರೋಪಿಗಳನ್ನ ಕಟಕಟೆಗೆ ತಂದ ಹಾಗಿದೆ," ಎಂದು ಗುಡುಗಪ್ಪ ಪಿಸುಗುಟ್ಟಿದ. ಕಿವುಡನ ಪಿಸುಮಾತು, ಮೊದಲ ಸಾಲಿಗೆಲ್ಲ ಕೇಳಿಸಿತು. ಯಾರೋ ಒಬ್ಬರು ಕರವಸ್ತ್ರದಲ್ಲಿ ನಕ್ಕರು.

ಮೊದಲೆರಡು ಹಾಡು ಚುರುಕಿನವು, ಗಿಟಾರಿಗೆ ಬರೀ ತಾಳ ಹಿಡಿಯುವ ಕೆಲಸ. ಅವಳ ದನಿ ಹಳೆಯ ಎತ್ತರಕ್ಕೆ ನೆಟ್ಟಗೆ ಏರಿತು. 'ನೋಡ್ಕೋ! ಸತ್ತ ಗಂಟಲು ಹೇಗೆ ಹಾಡ್ತದೆ ನೋಡ್ಕೋ!' ಜನ ಬೆರಳ ತುದಿಯಲ್ಲಿ ಚಪ್ಪಾಳೆ ತಟ್ಟಿದರು.

ಮೂರನೆಯದು ನಿಧಾನದ್ದು. ಅವರಿಬ್ಬರೇ ಕಟ್ಟಿದ್ದ ಹಾಡು.

ಬ್ಲೂಸ್ ಅಂದರೆ ದೊಡ್ಡ ಬ್ರಹ್ಮವಿದ್ಯೆಯಲ್ಲ. ಹಾಡುವವಳು ತನ್ನ ದುಃಖವನ್ನು ಒಂದು ಸಾಲಲ್ಲಿ ಹೇಳಿ ನಿಲ್ಲಿಸಬೇಕು. ಗಿಟಾರ್ ಅದಕ್ಕೆ ಉತ್ತರ ಕೊಡಬೇಕು. ಮತ್ತೆ ಹೇಳಬೇಕು, ಮತ್ತೆ ಉತ್ತರ. ಎದುರು ಉತ್ತರ ಕೊಡುವವನು ಇಲ್ಲದಿದ್ದರೆ ಅದು ಹಾಡೇ ಅಲ್ಲ, ಬರೀ ಗೋಳು. ಅವನ ಉತ್ತರ ಹೇಗಿರುತ್ತಿತ್ತೆಂದರೆ, ಎಡಗೈ ಬೆರಳಲ್ಲಿ ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆಯುತ್ತಿದ್ದ. ಸ್ವರ ಮೆಲ್ಲಗೆ ಮೇಲೇರಿ ಮನುಷ್ಯರ ಹಾಗೆ ಅಳುತ್ತಿತ್ತು.

ಅವಳು ಹಾಡಿದಳು.

"ನೀ ಹೋದ ಹಾದಿಗೆ ಹೆಸರೇ ಇಲ್ಲ… ಕೇಳಿದರೆ ಯಾರೂ ಹೇಳೋದಿಲ್ಲ…"

ನಿಲ್ಲಿಸಿದಳು. ಕಣ್ಣು ಮುಚ್ಚಿ ಕಾದಳು.

ಅವನು ತಂತಿ ಎಳೆದ. ಸ್ವರ ಏರಿತು… ಅರ್ಧ ದಾರಿಯಲ್ಲಿ ನಿಂತಿತು. ಅಳಬೇಕಾದ ತಂತಿ ನರಳಿತು. ಬಿಗಿ ತಂತಿ, ಬೆರಳನ್ನು ಹಿಂದಕ್ಕೆ ನೂಕಿತು. ಇನ್ನೊಂದು ಸಲ ಎಳೆದ. ಮತ್ತೆ ಅಲ್ಲೇ, ಅಪಸ್ವರವಾಗಿ, ಬಾವಿಯಿಂದ ಮೇಲೆ ಬರಲಾಗದವನ ಹಾಗೆ.

ಮೊದಲನೇ ಮೇಜಿನಲ್ಲಿ ಬಿಳಿಗೂದಲಿನ ನ್ಯಾಯಾಧೀಶರೊಬ್ಬರು ಕಣ್ಣು ಮುಚ್ಚಿ ತಲೆದೂಗಿದರು. "ಆಹಾ… ಎಂಥ ನೋವು!"

ಅಯ್ಯೋ, ಅದು ಕಲೆ ಅಂದುಕೊಂಡರು!

ಅವಳು ತಿರುಗಿ ನೋಡಿದಳು. ಅವನ ಎಡಗೈಯ ಮೂರು ಬೆರಳು ಕೊಕ್ಕೆಯ ಹಾಗೆ ಮಡಚಿ ತಂತಿಗೆ ಕಚ್ಚಿಕೊಂಡಿದ್ದವು. ಬಿಚ್ಚಿಕೊಳ್ಳುತ್ತಿಲ್ಲ. ಬಲಗೈಯಿಂದ ಒಂದೊಂದನ್ನೇ ಬಿಡಿಸುತ್ತಿದ್ದ. ಗಣ್ಯರ ಕಡೆಗೆ ಬೆನ್ನು ಮಾಡಿಕೊಂಡು, ಕಳ್ಳನ ಹಾಗೆ.

ಆ ಕ್ಷಣದಲ್ಲಿ ಅವಳಿಗೆ ಎಲ್ಲ ಅರ್ಥವಾಯಿತು.

ಶ್ರುತಿ ಇಳಿಸಿದರೆ ತಂತಿ ಸಡಿಲ. ಸಡಿಲ ತಂತಿಯನ್ನು ನೋಯುವ ಬೆರಳೂ ಎಳೆಯಬಲ್ಲದು. ಅವನು ಇಳಿಸಿದ್ದು ಅವಳ ಗಂಟಲಿಗಲ್ಲ… ತನ್ನ ಕೈಗೆ!

'ನಾನೇ ಏರಿಸಿದೆ. ನಾನೇ ಹಟ ಹಿಡಿದು ಏರಿಸಿಬಿಟ್ಟೆ!'

ಮುಂದಿನ ಸಾಲು ಹಾಡಿದಳು. ನಿಂತಳು. ಉತ್ತರ ಬರಲಿಲ್ಲ. ಆಗ ಅವಳೇ ತುಟಿ ಮುಚ್ಚಿ, ಗಿಟಾರಿನ ಉತ್ತರವನ್ನು ಗಂಟಲಲ್ಲಿ ಗುನುಗಿದಳು. ಮೇಲೇರುವ ಅದೇ ಸ್ವರ, ಅದೇ ಅಳು. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ.

ಹಾಡು ಮುಗಿದಾಗ ಇನ್ನೂರು ಜನ ಎದ್ದು ನಿಂತರು. ಈ ಸಲ ಅಂಗೈ ಸೇರಿಸಿ ತಟ್ಟಿದರು. ಅವನು ಬಾಗಿ ನಮಸ್ಕಾರ ಮಾಡಿದ. ಅವನ ಮುಖ, ನಾಲ್ಕು ಜನರೆದುರು ಕಪಾಳಕ್ಕೆ ಹೊಡೆಸಿಕೊಂಡವನ ಮುಖದ ಹಾಗಿತ್ತು.

* * *

ಇಪ್ಪತ್ತು ನಿಮಿಷ ಬಿಡುವು. ಗುಡುಗಪ್ಪ ಮೇಷ್ಟ್ರನ್ನು ಎಳೆದುಕೊಂಡು ಕಾಫಿಗೆ ಹೋದ. ಕಿವಿ ಕೇಳದಿದ್ದರೂ ಎಲ್ಲಿ ಇರಬಾರದು ಎಂದು ಅವನಿಗೆ ಗೊತ್ತಾಗುತ್ತಿತ್ತು.

"ಎಷ್ಟು ದಿನದಿಂದ?" ಎಂದಳು.

"ಎರಡು ವರ್ಷ."

"ಡಾಕ್ಟರು?"

"ಕೀಲು ಸವೆದಿದೆ, ಗಿಟಾರ್ ಬಿಡಿ ಅಂದ್ರು. ಡಾಕ್ಟರನ್ನೇ ಬಿಟ್ಟೆ."

"ಹೇಳಬಹುದಿತ್ತಲ್ಲೋ ಪಾಪಿ!"

"ಹೆಂಗೆ ಹೇಳ್ಲಿ? ಹನ್ನೊಂದು ವರ್ಷ ಆದ್ಮೇಲೆ ಸಿಕ್ಕಿದೀಯ. ಬಾರಮ್ಮಾ, ನನ್ನ ಕೈ ಹೋಗಿದೆ, ಬಂದು ನೋಡು ಅನ್ಲಾ?"

"ಅದಕ್ಕೆ ನನ್ನ ಗಂಟಲಿನ ಮೇಲೆ ಹಾಕಿದ್ಯಾ?"

"ನೀನು ಬೈತೀಯ ಅಂತ ಗೊತ್ತಿತ್ತು ಕಣೇ. ನೀನು ಬೈದ್ರೆ ತಡ್ಕೊಳ್ತೀನಿ. ಅಯ್ಯೋ ಪಾಪ ಅಂದ್ರೆ… ಅದು ಮಾತ್ರ ಆಗಲ್ಲ."

ಅವಳು ಅವನ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬೆರಳುಗಳು ತಣ್ಣಗಿದ್ದವು. ಗಿಣ್ಣುಗಳು ಊದಿ ಕೆಂಪಾಗಿದ್ದವು. ಒಂದೊಂದನ್ನೇ ಮೆಲ್ಲಗೆ ತಿಕ್ಕಿದಳು. ಕಣ್ಣೀರು ಅವನ ಅಂಗೈ ಮೇಲೆ ಬಿತ್ತು.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

"ನಾನು ಇವತ್ತು ಯಾಕೆ ಬಂದೆ ಗೊತ್ತಾ?"

"ಹಾಡೋಕೆ."

"ಹಾಡೋಕೆ ನನಗೆ ನನ್ನ ಬಚ್ಚಲುಮನೆ ಸಾಕು. ನಿನ್ನ ಬಾಯಿಂದ ಒಂದು ಮಾತು ಕೇಳೋಕೆ ಬಂದೆ. ವಾಪಸ್ ಬರ್ಲಾ ಅಂತ."



"ಕೇಳ್ಬೇಕು ಅಂತಾನೇ ಇದ್ದೆ. ಆರು ದಿನದಿಂದ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡ್ತಿದ್ದೆ. ಆ ನಿಧಾನದ ಹಾಡು ಚೆನ್ನಾಗಿ ಬಂದ್ರೆ, ಅದಾದ್ಮೇಲೆ ಕೇಳೋಣ ಅಂತ…"

"ಈಗ ಕೇಳು."

"ಹಾಡು ಚೆನ್ನಾಗಿ ಬರಲಿಲ್ಲವಲ್ಲ."

"ಹಾಡು ಹಾಳಾಗ್ಲಿ! ನಾನು ಹೇಳ್ತಿದೀನಿ, ನಮ್ಮನೆಗೆ ಬಾ. ನಿನ್ನ ಮೇಲೆ ಇವತ್ತಿಗೂ ಅಷ್ಟೇ ಪ್ರೀತಿ ಇದೆ ಕಣೋ. ಅವತ್ತು ಹೊರಡು ಅಂದಿದ್ದು ಕೋಪಕ್ಕೆ. ನೀನು ಮೆಟ್ಟಿಲು ಇಳಿಯೋ ಮೊದಲೇ ಬಾಗಿಲ ಚಿಲಕ ತೆಗೆದಿದ್ದೆ."

"ಹೌದಾ?"

"ಹೂಂ. ನೀನು ತಿರುಗಿ ನೋಡಲಿಲ್ಲ."

ಅವನು ಬಲಗೈಯಿಂದ ಅವಳ ಕೆನ್ನೆ ಒರೆಸಿದ. "ನನಗೂ ನೀನೇ ಕಣೇ. ಬೇರೆ ಯಾರೂ ಇಲ್ಲ, ಇರಲೂ ಇಲ್ಲ."

ಇಷ್ಟಕ್ಕೇ ನಿಲ್ಲಿಸಿದ್ದರೆ! ಆದರೆ ಹೆಂಗಸಿನ ಎದೆ ತುಂಬಿ ಬಂದಾಗ ಅಳತೆ ಎಲ್ಲಿ ಉಳಿಯುತ್ತದೆ?

"ಕೈ ಹೋದ್ರೆ ಹೋಗ್ಲಿ ಬಿಡು. ಇನ್ನರ್ಧ ಕಾರ್ಯಕ್ರಮಕ್ಕೂ ನೀನು ಸುಮ್ಮನೆ ಗಿಟಾರ್ ಹಿಡ್ಕೊಂಡು ನಿಂತಿರು. ನಿನ್ನ ಭಾಗಾನೂ ನಾನೇ ಹಾಡ್ತೀನಿ. ಯಾರಿಗೂ ಗೊತ್ತಾಗಲ್ಲ. ಬೇಕಾದ್ರೆ ಜೀವನಪೂರ್ತಿ ಹಾಡ್ತೀನಿ!"

ಪ್ರೀತಿಯಿಂದಲೇ ಆಡಿದ ಮಾತು. ಅವನ ಕೈ ಅವಳ ಕೆನ್ನೆಯ ಮೇಲೆ ಹಾಗೇ ನಿಂತಿತು. ಅವಳು ಅವನ ಬೆರಳು ತಿಕ್ಕುತ್ತಿದ್ದಳು, ಮುಖ ನೋಡಲಿಲ್ಲ.

"ಹೂಂ," ಎಂದ.

"ಬರ್ತೀಯ ತಾನೆ ಮನೆಗೆ?"

"ನಿನ್ನ ಮನೆಗೆ ಬರದೆ ಇನ್ನೆಲ್ಲಿಗೆ ಹೋಗ್ಲಿ?"

"ಈ ಸಲ ಕೈ ಬಿಡಲ್ಲ ನಾನು."

"ಈಗೊಂದ್ಸಲ ಬಿಡೇ ಮಾರಾಯ್ತಿ… ಮುಖ ತೊಳ್ಕೊಂಡು ಬರ್ತೀನಿ."

ಇಬ್ಬರೂ ನಕ್ಕರು. ಅವಳು ಕೈ ಬಿಟ್ಟಳು. ಅವನು ಕೋಟು ಕುರ್ಚಿಗೆ ನೇತುಹಾಕಿ ಬಾಗಿಲು ದಾಟಿದ. ಗಿಟಾರನ್ನು ಮುಟ್ಟಲಿಲ್ಲ. ಗಿಟಾರ್ ಇಲ್ಲೇ ಇದೆಯಲ್ಲ, ಎಲ್ಲಿಗೆ ಹೋದಾನು ಎಂದುಕೊಂಡಳು ಅವಳು.

ಬಿಡುವಿನ ಇಪ್ಪತ್ತು ನಿಮಿಷ ಮುಗಿಯಿತು. ಕಾರ್ಯದರ್ಶಿ ಬಂದು ಗಡಿಯಾರ ತೋರಿಸಿದರು.

"ಐದು ನಿಮಿಷ ಸಾರ್," ಎಂದಳು.

ಗುಡುಗಪ್ಪ ಹುಡುಕಿ ಬಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ಅಕ್ಕಾ… ಹಿಂದಿನ ಗೇಟಿನ ಕಾವಲುಗಾರ ಹೇಳಿದ. ಅಂಗಿಯಲ್ಲೇ ಹೊರಗೆ ಹೋದ್ನಂತೆ. ಬಸ್ಸು ಎಲ್ಲಿ ಸಿಗ್ತದೆ ಅಂತ ಕೇಳಿದ್ನಂತೆ."

"ಗಾಳಿಗೆ ಹೋಗಿರ್ತಾನೆ. ಬರ್ತಾನೆ."

"ಅಕ್ಕಾ…"

"ಬರ್ತಾನೆ ಅಂದ್ನಲ್ಲ! ನಡೀರಿ, ಶುರು ಮಾಡೋಣ. ನಿಧಾನಕ್ಕೆ ಬಾರಿಸು. ಇನ್ನೂ ನಿಧಾನಕ್ಕೆ. ಅವನು ಬಂದು ಸೇರ್ಕೊಳ್ಳೋಕೆ ಹೊತ್ತು ಬೇಕು."

ಪರದೆ ಸರಿಯಿತು. ಗುಡುಗಪ್ಪ ಬಾರಿಸಿದ. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಒಬ್ಬ ಮನುಷ್ಯ ಬೀದಿ ದಾಟಿ ವಾಪಸ್ ಬರಬಹುದು, ಅಷ್ಟು ನಿಧಾನ. ಅವಳು ಒಂದು ಸಾಲು ಹಾಡಿ ನಿಂತಳು. ಪಕ್ಕದ ಬಾಗಿಲ ಕಡೆ ನೋಡಿದಳು. ಇನ್ನೊಂದು ಸಾಲು. ಮತ್ತೆ ನೋಡಿದಳು. ಈ ಸಲ ಅವನ ಭಾಗವನ್ನು ಅವಳು ಗುನುಗಲಿಲ್ಲ. ಅವನ ಜಾಗ ಅವನಿಗೇ ಬಿಟ್ಟಳು.

ಎಂಥ ಸಂಯಮ, ಎಂಥ ಮೌನ ಎಂದು ಗಣ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಡು ಕೊನೆಯ ಸಾಲಿಗೆ ಬಂತು. ಅವಳು ಮುಗಿಸಲಿಲ್ಲ. ಮೊದಲನೇ ಸಾಲಿಗೆ ಹೋದಳು. ಮತ್ತೆ ಕೊನೆಗೆ ಬಂತು. ಮತ್ತೆ ಮೊದಲಿಗೆ. ಮೇಷ್ಟ್ರು ಗಾಬರಿಯಿಂದ ಗುಡುಗಪ್ಪನ ಕಡೆ ನೋಡಿದರು. ಗುಡುಗಪ್ಪ ಬಾರಿಸುತ್ತಲೇ ಇದ್ದ, ಕಣ್ಣೊರೆಸಿಕೊಳ್ಳಲೂ ಕೋಲು ಬಿಡಲಿಲ್ಲ.

ಮುಗಿಸಿದರೆ ಅವನು ಬರುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅವಳು ಹೇಗೆ ಮುಗಿಸುತ್ತಾಳೆ?

ಆರನೇ ಸುತ್ತಿಗೆ ಕಾರ್ಯದರ್ಶಿ ತಾವೇ ಎದ್ದು ಹೋಗಿ, ಕಾರ್ಯಕ್ರಮ ಮುಗಿಯಿತು ಎಂಬಂತೆ ಸಭಾಂಗಣದ ದೀಪ ಹಾಕಿದರು.

ಅವನು ಬರಲಿಲ್ಲ. ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.