ಗಂಜಿ ಹಾಕಿದ ಖಾಕಿ ಅಂಗಿ

"ಇದು ನಿಮ್ಮಲ್ಲೇ ಇರ್ಲಿ."

ಹಿಮಾಯತ್‌ನಗರದ ಆ ಮನೆಯ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ದತ್ತಾತ್ರೇಯ ತಲೆ ಎತ್ತದೆ ಕೈ ಚಾಚಿದ. ಕೈಯಲ್ಲಿ... ನಲಿನಿಯ ಜಾತಕ!

ಅವಳು ಅದನ್ನು ಕಸಿದುಕೊಂಡಳು. ಅಣ್ಣ ಪ್ರಹ್ಲಾದನೇ ಮದುವೆಯ ಮಾತಿಗೆಂದು ಅದನ್ನು ಈ ಗೆಳೆಯನಿಗೆ ಕೊಟ್ಟಿದ್ದ. ಆ ಅಣ್ಣ, ಸಬ್ ಇನ್‌ಸ್ಪೆಕ್ಟರ್, ಸನತ್‌ನಗರದ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕು ಹದಿನಾಲ್ಕು ದಿನವಾಗಿತ್ತು. ಮೊದಲ ವರದಿಯಲ್ಲಿ 'ಆತ್ಮಹತ್ಯೆ' ಎಂದಿತ್ತು. ಈಗ ತನಿಖೆ ದತ್ತಾತ್ರೇಯನ ಕೈಗೆ ಬಂದಿತ್ತು.

"ಅಣ್ಣನ ಹೆಸರು ಕೆಟ್ಟಮ್ಯಾಲೆ ತಂಗಿ ಬ್ಯಾಡಾದಳೇನ್ರಿ?"

ಅವನು ನೋಟ್‌ಬುಕ್ ತೆರೆದ. "ಅವತ್ತು ಮನಿ ಬಿಡೂ ಮುಂಚೆ ಪ್ರಹ್ಲಾದ ಏನ್ ಮಾಡಿದ? ಹೇಳ್ರಿ."

ನಿನ್ನೆಮೊನ್ನೆಯವರೆಗೆ 'ನಲಿನಿ, ಚಹಾ ಕೊಡು' ಎನ್ನುತ್ತಿದ್ದವನು!

"ಮರುದಿನದ ಪರೇಡಿಗೆ ಅಂಗಿಗೆ ಗಂಜಿ ಹಾಕಿ ಹರವಿದ. 'ನೀನೇ ಇಸ್ತ್ರಿ ಮಾಡು, ಸುಕ್ಕು ಉಳೀತಂದ್ರ ನೋಡು' ಅಂದ. ಸಾಯಾಂವ ಹಿಂಗಂತಾನೇನ್ರಿ?"

ಅವನು ಥಟ್ಟನೆ ತಲೆ ಎತ್ತಿದ. "ಆ ಅಂಗಿ ನನಗ ಬೇಕು."

ಅಣ್ಣನ ಕೊನೆಯ ಗುರುತನ್ನೂ ಒಯ್ದನಲ್ಲ... ಕಲ್ಲು ಮನಸ್ಸಿನವನು!

ಆ ಅಂಗಿ ತೋರಿಸಿಯೇ ಅವನು ಇದು ಆತ್ಮಹತ್ಯೆಯಲ್ಲವೆಂದು ಮೇಲಿನವರನ್ನು ಒಪ್ಪಿಸಿದ. ಸನತ್‌ನಗರದ ಕಾರ್ಖಾನೆಯ ಕಬ್ಬಿಣ ಕದಿಯುತ್ತಿದ್ದ ಮೂವರನ್ನು ಹಿಡಿದ. ತಮ್ಮ ಜಾಡು ಹಿಡಿದಿದ್ದ ಪ್ರಹ್ಲಾದನನ್ನು ಹೊಡೆದು ಹಳಿಗೆ ಹಾಕಿದವರು ಅವರೇ.

ಕೋರ್ಟಿನಲ್ಲಿ ಅವರ ವಕೀಲ ನಲಿನಿಯನ್ನು ಕೇಳಿದ: "ಈ ಇನ್‌ಸ್ಪೆಕ್ಟರ್ ನಿಮಗೇನಾಗಬೇಕು?"

"ಏನೂ ಆಗಬೇಕಾಗಿಲ್ಲ," ಎಂದಳು.

ವರ್ಷ ಕಳೆದು ಆ ಮೂವರಿಗೆ ಶಿಕ್ಷೆಯಾದ ಮೇಲೆ, ಒಂದು ಮಧ್ಯಾಹ್ನ ಅವನು ಅಂಗಿಯನ್ನು ಮರಳಿ ತಂದ.

"ನಾ ಈ ಮನಿ ಅಳಿಯ ಆಗಾಂವ ಅಂತಾಗಿದ್ರ ತನಿಖೆ ನನ್ನ ಕೈ ತಪ್ಪತಿತ್ತು, ನಲಿನಿ. ಅದಕ್ಕ ಜಾತಕ ತಿರುಗಿ ಕೊಟ್ಟೆ."

"ಒಂದು ಮಾತು ಹೇಳಬಾರದಿತ್ತೇನ್ರಿ?"

"ಹೇಳಿದ್ರ ಕಟಕಟೆಯೊಳಗ ನೀ ಸುಳ್ಳು ಹೇಳಬೇಕಾಗ್ತಿತ್ತು. ನೀ ಹೇಳಿದ್ದು ಖರೇ ಇರಬೇಕಿತ್ತು... ನಿನ್ನ ಕಳಕೊಂಡರೂ."

ನಲಿನಿ ಕಣ್ಣೊರೆಸಿಕೊಂಡಳು. ಒಂದು ವರ್ಷ ಇವನೂ ಒಬ್ಬನೇ ಒಳಗೇ ಬೆಂದನೇ?

"ಕಾಕೂ, ಆ ಜಾತಕ... ಇನ್ನೂ ಅದ ಏನ್ರಿ?" ಒಳಗಿನಿಂದ ಬಂದ ಅವಳ ತಾಯಿ ಅಂಬುಬಾಯಿಯನ್ನು ಅವನು ಕೇಳಿದ.

"ದೇವರ ಮನ್ಯಾಗ ಅದ. ದಿನಾ ಬಯ್ಕೋತನೇ ಧೂಳ ಒರಸ್ತಾಳ, ನಿನ್ನಾಕಿ!"

ನಲಿನಿ ಅಂಗಿಯನ್ನು ಎದೆಗೊತ್ತಿಕೊಂಡಳು. "ಮೊದಲು ಇದಕ್ಕ ಇಸ್ತ್ರಿ ಮಾಡ್ತೀನಿ. ಸುಕ್ಕು ಉಳಿದ್ರ ಅಣ್ಣ ಬೈತಾನ... ಕೂಡ್ತೀರೇನ್ರಿ?"

"ಕೂಡ್ತೀನಿ. ಇನ್ನ ಎದ್ದು ಹೋಗೂದಿಲ್ಲ."