ಮೂರು ಸೈಜಿನ ಪಿನ್ನು

ನನ್ನ ತಲೆಯ ಮೇಲೆ ಎರಡು ಟನ್ನಿನ ಮೋಟರು ತೂಗುತ್ತಿತ್ತು.

ಭಾರ ಎತ್ತುವ ಹಾಯ್ಸ್ಟಿನಲ್ಲಿ ಅದನ್ನು ಹಿಡಿದಿದ್ದ ಪಿನ್ನು ಬಗ್ಗುತ್ತಿತ್ತು... ನಿಧಾನವಾಗಿ, ಮರ್ಯಾದಸ್ಥರ ಹಾಗೆ.

ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಯಾರೋ ಹಿಂದಿನಿಂದ ಕಾಲರ್ ಹಿಡಿದು ಎಳೆದರು.

ಧಡ್!

ನಾನು ನಿಂತಿದ್ದ ಜಾಗದಲ್ಲಿ ಈಗ ಮೋಟರು ಕೂತಿತ್ತು.

ಎಳೆದವನು ಫಿಟ್ಟರ್. ಇಡೀ ಫ್ಯಾಕ್ಟರಿ ಅವನನ್ನು ಭಾವ ಅನ್ನುತ್ತದೆ.

"ನಿಮ್ಮ ಕೆಲಸ ಕಳ್ಳರನ್ನ ಹಿಡಿಯೋದು ಸಾರ್. ಮೋಟರನ್ನಲ್ಲ," ಎಂದ.

ನಿಜ ನೋಡಿ. ಕಳ್ಳತನ, ಕಿತ್ತಾಟ, ಏನಾದರೂ ಸರಿ, ಮಾಲೀಕರು ಕರೆಯುವುದು ನನ್ನನ್ನು. ಈ ಸಲ ಅವರೇ ಬಂದು ಬಗ್ಗಿದ ಪಿನ್ನಿನ ಮೇಲೆ ಅರ ಉಜ್ಜಿದರು. ಬೆಣ್ಣೆ! ಗಟ್ಟಿ ಉಕ್ಕಿರಬೇಕಾದಲ್ಲಿ ಮೆದು ಉಕ್ಕು. ಕಂಪ್ಯೂಟರಿನಲ್ಲಿ ತಯಾರಾದ ಡ್ರಾಯಿಂಗಿನಲ್ಲೇ ಹಾಗೆ ಬರೆದಿತ್ತು. ಬರೆದವರು ಯಾರು, ತಕ್ಷಣ ಬೇಕು ಎಂದರು.

ಸಾಫ್ಟ್‌ವೇರಿನಲ್ಲಾದ ತಪ್ಪು ಹಾರ್ಡಾಗಿ ಬಿದ್ದಿತ್ತು.

ಡಿಸೈನ್ ರೂಮಿಗೆ ನುಗ್ಗಿದೆ. ಕನ್ನಡಕದ ಹುಡುಗಿ ನನ್ನ ಮುಖ ನೋಡಿದ್ದೇ ಮೆಟ್ಟಿಲು ಹಿಡಿದಳು. ಅಟ್ಟಿಸಿಕೊಂಡು ಹೋದೆ... ಕ್ಯಾಂಟೀನು, ಗೋಡೌನು, ಲಾರಿಗಳ ಸಂದು. ಗೇಟಿನ ಹತ್ತಿರ ಸಿಕ್ಕಿದಳು. ಪೊಲೀಸು, ಜೈಲು ಎಂದೆಲ್ಲ ಹೆದರಿಸಿದೆ.

ಅವಳು ಹೇಳಿದ್ದಿಷ್ಟು. ಪಿನ್ನಿಗೆ ಒಂದೇ ಫೈಲು. ಒಳಗೆ ಚಿಕ್ಕದು, ಮಧ್ಯದ್ದು, ದೊಡ್ಡದು ಅಂತ ಮೂರು ಕಾನ್ಫಿಗರೇಶನ್. ಪ್ರತಿಯೊಂದಕ್ಕೂ ಬೇರೆ ಪ್ರಾಪರ್ಟಿ, ಅಂದರೆ ವಿವರದ ಪಟ್ಟಿ, ಯಾವ ಲೋಹ ಅನ್ನುವುದೂ ಅದರಲ್ಲೇ. ಅಲ್ಲಿ ಬರೆದದ್ದು ತಾನಾಗಿ ಡ್ರಾಯಿಂಗಿಗೆ ಹೋಗುತ್ತದೆ. ಚಿಕ್ಕ ಪಿನ್ನಿಗೆ ಮೆದು ಉಕ್ಕು ಸಾಕು ಎಂದು ಮೇಲಿನಿಂದ ಆರ್ಡರ್ ಬಂದಿತ್ತು.

"ಅದೊಂದಕ್ಕೇ ಬದಲಾಯಿಸೋ ಬದಲು, ನಾನು ಎಲ್ಲಾ ಕಾನ್ಫಿ..."

"ಮಾಡಿದ್ದು ನೀನೇ ತಾನೆ?"

"ಹೌದು ಸಾರ್, ಆದ್ರೆ..."

"ಆದ್ರೆಗೀದ್ರೆ ಬೇಡ. ನಡಿ ಆಚೆ."

ಫೋನು ಕಿತ್ತುಕೊಂಡೆ. ಒಳಗೆ ಬಿಡಬೇಡ ಎಂದು ವಾಚ್‌ಮನ್‌ಗೆ ಹೇಳಿದೆ. ಅವಳು ಗೇಟಿನಾಚೆಯಿಂದ ಏನೋ ಕೂಗುತ್ತಿದ್ದಳು. ಅಳು ಅಂದುಕೊಂಡೆ.

ಬಗ್ಗಿದ್ದು ದೊಡ್ಡ ಪಿನ್ನು. ದೊಡ್ಡ ಹಾಯ್ಸ್ಟುಗಳನ್ನೆಲ್ಲ ನಿಲ್ಲಿಸಿದೆವು. ಮಾಲೀಕರು ಬೆನ್ನು ತಟ್ಟಿದರು. ಆ ಕೈ ಇನ್ನೂ ನನ್ನ ಬೆನ್ನಿನ ಮೇಲಿತ್ತು...

ಪೇಂಟ್ ಶೆಡ್ಡಿನಿಂದ ಸದ್ದು ಬಂತು.

ಓಡಿದೆ. ಅಲ್ಲಿದ್ದದ್ದು ಮಧ್ಯದ ಸೈಜಿನ ಹಾಯ್ಸ್ಟು. ಅದರ ಪಿನ್ನು ಎರಡು ತುಂಡು. ಕೆಳಗೆ ಭಾವ. ಅವನ ಕಾಲರ್ ಹಿಡಿದು ಎಳೆಯಲು ಅಲ್ಲಿ ಯಾರೂ ಇರಲಿಲ್ಲ.

ಜೀವ ಉಳಿಯಿತು. ಎಡಗಾಲು ಅನುಮಾನ ಎಂದರು ಡಾಕ್ಟರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಾಚಿಕೆಯಿಲ್ಲದೆ ಕೇಳಿದೆ.

"ಯಾರು ಅಂತ ಕೇಳಿದ್ರಿ ಸಾರ್. ಮೂರರಲ್ಲಿ ಯಾವ್ಯಾವ ಪಿನ್ನು ಅಂತ ಕೇಳಲೇ ಇಲ್ಲ."

ಫೋನು ಅವಳ ಕೈಗೆ ಕೊಟ್ಟೆ. ತಲೆ ಎತ್ತಲಾಗಲಿಲ್ಲ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮಾಲೀಕರು. ಭಾವನ ಕಾಲಿಗೂ ಆ ಹುಡುಗಿಯೇ ಕಾರಣ ತಾನೆ ಎಂದರು.

"ಅಲ್ಲ ಸಾರ್. ಆ ಕಾಲು ನನ್ನ ಲೆಕ್ಕಕ್ಕೆ ಬರ್ಕೊಳ್ಳಿ."

ಇಷ್ಟು ವರ್ಷಗಳಲ್ಲಿ ನಾನು ಹಿಡಿದವರಲ್ಲಿ, ಹೆದರಿಸದೆ ಬಾಯಿಬಿಟ್ಟವನು ನಾನೊಬ್ಬನೇ.