ನಲವತ್ತೊಂದು ಸೆಂಟಿಮೀಟರಿನ ಸುಳ್ಳು

ಪ್ರೆಸ್ಸಿನ ಕಣ್ಣಿನ ಮೇಲೆ ಕಪ್ಪು ಟೇಪು ಸಿಕ್ಕಿತು. ಅಪರಾಧಿ ಯಾರೆಂದು ಇಡೀ ಕಾರ್ಖಾನೆ ಅಷ್ಟಕ್ಕೇ ತೀರ್ಮಾನಿಸಿಬಿಟ್ಟಿತು—ರತ್ನಾವತಿ.

ಚೆನ್ನೈ ಬಳಿ ತಿರುವೊಟ್ಟಿಯೂರಿನ ಆ ಕಾರ್ಖಾನೆಯಲ್ಲಿ ಎಣ್ಣೆ ಡಬ್ಬಗಳಿಗೆ ತಗಡಿನ ಮುಚ್ಚಳ ಒತ್ತುತ್ತಿದ್ದರು. ಹಿಂದಿನ ದಿನ ಪ್ರೆಸ್ಸು ರತ್ನಾವತಿಯ ಬಲಗೈಯ ಮೇಲೆ ಇಳಿದು ಮೂರು ಬೆರಳು ಹೋಗಿದ್ದವು. ಕೈ ಅಡ್ಡ ಬಂದರೆ ದೂರ ಅಳೆದು ಯಂತ್ರ ನಿಲ್ಲಿಸಲೆಂದೇ ಅಲ್ಲೊಂದು ಇನ್ಫ್ರಾರೆಡ್ ಸೆನ್ಸರ್ ಇತ್ತು; ಪ್ರೆಸ್ಸಿನ ಕಣ್ಣೆಂದರೆ ಅದೇ. ಅದು ನಿಲ್ಲಿಸಿರಲಿಲ್ಲ. ಕೆಲಸ ಬೇಗ ಸಾಗಲೆಂದು ಅವಳೇ ಟೇಪು ಅಂಟಿಸಿದಳೆಂದು ಪೊಲೀಸರಿಗೆ ದೂರು ಸಿದ್ಧವಾಗಿತ್ತು. ಅವಳಿನ್ನೂ ಆಸ್ಪತ್ರೆಯಲ್ಲಿದ್ದಳು.

ಅದು 2003. ವಿಮಾ ಕಂಪನಿಯ ಪರವಾಗಿ ಹೋದವನು ನಾನು, ಸುಬ್ರಾಯ. ಜೊತೆಗೆ ವೃಂದಾ. ಅಳತೆಯ ಉಪಕರಣಗಳ ತಪ್ಪು ಹುಡುಕುವುದೇ ಅವರ ಕಸುಬು.

ಎಂಜಿನಿಯರ್ ಬದರಿನಾಥ ನಮ್ಮನ್ನು ಎದುರುಗೊಂಡ. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ನಾಲ್ಕು ಪೆನ್ನು. ಗಾಯಗೊಂಡವಳ ಹೆಸರು ಅವನ ಬಾಯಿಂದ ಒಮ್ಮೆಯೂ ಬರಲಿಲ್ಲ.

"ಆ ಪೊಂಬಳೆ ಮಾಡಿದ ವೇಲೆ ನೋಡಿ," ಎಂದು ತಮಿಳು ಬೆರೆಸಿ ಆ ಹೆಂಗಸಿನ ಕೆಲಸವನ್ನು ಹಳಿಯುತ್ತ, ಸೆನ್ಸರಿನ ಅಂಕೆ ಮೂಡುವ ಫಲಕ ತೋರಿಸಿದ. "ಆಕ್ಸಿಡೆಂಟ್ ಆದಾಗ ನಿಂತ ರೀಡಿಂಗ್. ನಾನು ಮುಟ್ಟಲಿಲ್ಲ. 41.27 ಸೆಂಟಿಮೀಟರ್. ಟೇಪ್ ಹಾಕಿದ್ದಕ್ಕೇ ಕೈ ಬದಲು ಅಷ್ಟು ದೂರ ಕಂಡಿದೆ. ಎರಡು ಡೆಸಿಮಲ್, ಮೇಡಂ. ಅಷ್ಟು ಅಕ್ಯುರೇಟ್."

"ಡೆಸಿಮಲ್ ತೋರಿಸೋದು ಫಲಕದ ಕೆಲಸ," ವೃಂದಾ ಹೇಳಿದರು. "ಅದು ನಿಜವಾಗಿ ಅಳೆದಿದೆ ಅಂತ ನಿಮಗೆ ಯಾರು ಹೇಳಿದ್ದು? ಕ್ಯಾಲಿಬ್ರೇಟ್ ಮಾಡಿ ಅಳತೆ ಸರಿಹೊಂದಿಸಿದ್ದು ಯಾರು?"

"ನಾನೇ. ಬಿಳಿ ರಟ್ಟು ಇಟ್ಟು, ಹತ್ತರಿಂದ ಮೂವತ್ತು ಸೆಂಟಿಮೀಟರ್ ವರೆಗೆ."

"ಹತ್ತಕ್ಕಿಂತ ಹತ್ತಿರ?"

"ಅದು ಬೇಡವೇ ಬೇಡ. ಹತ್ತಿರ ಬಂದಷ್ಟೂ ಚೆನ್ನಾಗೇ ಕಾಣತ್ತಲ್ಲ?"

ವೃಂದಾ ಅವನನ್ನು ದಿಟ್ಟಿಸಿ ನೋಡಿದರು.

ಫಿಟ್ಟರ್ ಶಿವರಾಮುವನ್ನು ಕರೆಸಿದರು. ರತ್ನಾವತಿಯ ಕೈ ಬಿಡಿಸಿದವನು ಅವನೇ.

"ಆಗ ಟೇಪು ಇತ್ತೇ?"

"ರಕ್ತ ನೋಡಿದೆ ಮೇಡಂ. ಟೇಪು ನೋಡೋ ಸ್ಥಿತೀಲಿ ಇರಲಿಲ್ಲ."

"ಸೆನ್ಸರ್ ಮೊದಲಿಂದ ಇಲ್ಲೇ ಇತ್ತೇ?"

ಶಿವರಾಮು ಬದರಿನಾಥನ ಕಡೆ ನೋಡಿದ. "ಇನ್ನೂ ಹಿಂದಕ್ಕೆ, ದೂರದಲ್ಲಿ ಇತ್ತು. ಮುಚ್ಚಳ ತೆಗೆಯೋ ಕೈಯೆಲ್ಲ ಕಂಡು ಮಿಷನ್ನು ನಿಂತು ನಿಂತು ಹೋಗ್ತಿತ್ತು. ಸಾರ್ ಮುಂದೆ ತಂದು ಫಿಟ್ ಮಾಡು ಅಂದ್ರು. ಮಾಡಿದೆ."

"ಅಪಘಾತವಾದ ಮೇಲೆ ಈ ಕೋಣೆಯ ಬೀಗದ ಕೈ ಯಾರ ಹತ್ತಿರ ಇತ್ತು?"

"ಸಾರ್ ಹತ್ರ. ಟೇಪು ಕಂಡಿದ್ದೂ ಅವರಿಗೇ."

ಅಷ್ಟರಲ್ಲಿ ಮಾಲೀಕರು ಬಂದರು. ದಾವಣಗೆರೆ ಕಡೆಯ ಕೊಟ್ರಪ್ಪ. "ಲಗೂನ ಮುಗಸ್ರಿ," ಎಂದರು. "ಪ್ರೆಸ್ಸು ನಿಂತೈತಿ. ಇಂಥ ಜನಕ್ಕ ಕೆಲಸ ಕೊಟ್ಟಿದ್ದೇ ನನ್ನ ತಪ್ಪು."

ವೃಂದಾ ಅಳತೆಪಟ್ಟಿ ತೆಗೆದು, ಸೆನ್ಸರಿನಿಂದ ಎದುರಿನ ಉಕ್ಕಿನ ಗೋಡೆಯವರೆಗೆ ಹಿಡಿದರು. ಮೂವತ್ತು ಸೆಂಟಿಮೀಟರ್. ಮತ್ತೆ ಫಲಕ ನೋಡಿದರು. ನಲವತ್ತೊಂದು.

"ಮೋಟಾರಿನ ಕರೆಂಟು ತೆಗೆಸಿ," ಎಂದರು. "ಫಲಕ ಮಾತ್ರ ಉಳಿಯಲಿ."

ಟೇಪು ಅಂಟಿದ್ದಂತೆಯೇ ಫಲಕವನ್ನು ಮತ್ತೆ ಚಾಲೂ ಮಾಡಿಸಿದರು. ಅಂಕೆ ಮೂಡಿತು—80.00.

"ಟೇಪು ಮುಚ್ಚಿದರೆ ಬೆಳಕು ವಾಪಸು ಬರೋದಿಲ್ಲ," ವೃಂದಾ ಹೇಳಿದರು. "ತನಗೆ ಗೊತ್ತಿರೋ ಅತಿ ದೂರವನ್ನೇ ಸೆನ್ಸರ್ ಹೇಳತ್ತೆ. ಎಂಬತ್ತು. ನಲವತ್ತೊಂದಲ್ಲ."

ಟೇಪು ಕಿತ್ತರು. ಮೂವತ್ತರ ಹತ್ತಿರ ತೋರಿಸಿತು.

"ಬದರಿನಾಥ್, ನಿಮ್ಮ ಕೈಯನ್ನು ನಿಧಾನವಾಗಿ ಸೆನ್ಸರಿನ ಹತ್ತಿರ ತನ್ನಿ."

ಅವನು ಕದಲಲಿಲ್ಲ.

"ಮೋಟಾರಿಗೆ ಕರೆಂಟಿಲ್ಲ. ನೀವೇ ಕ್ಯಾಲಿಬ್ರೇಟ್ ಮಾಡಿದ ಯಂತ್ರ. ಯಾಕೆ ಭಯ?"

ಅವನು ಹಿಂದೆ ಸರಿದ. ವೃಂದಾ ತಮ್ಮ ಕೈಯನ್ನೇ ಚಾಚಿದರು. ಇಪ್ಪತ್ತು. ಹದಿನೈದು. ಹತ್ತು. ಇನ್ನೂ ಹತ್ತಿರ ತಂದರು—ಅಂಕೆ ತಿರುಗಿ ಏರತೊಡಗಿತು. ಹದಿನೆಂಟು. ಇಪ್ಪತ್ತೇಳು. ಕೈ ಸೆನ್ಸರಿಗೆ ಬೆರಳಗಲ ದೂರವಿದ್ದಾಗ ನಲವತ್ತೊಂದು ದಾಟಿತು.

ಕೊಟ್ರಪ್ಪ ಫಲಕದ ಹತ್ತಿರ ಬಗ್ಗಿದರು.

"ಇಂಥ ಸೆನ್ಸರಿಗೆ ಹತ್ತು ಸೆಂಟಿಮೀಟರಿಗಿಂತ ಹತ್ತಿರ ಇರೋದು ಸರಿಯಾಗಿ ಕಾಣೋದಿಲ್ಲ. ಹತ್ತಿರ ಇರೋದನ್ನೇ ದೂರ ಅನ್ನತ್ತೆ. ಅದಕ್ಕೇ ತಯಾರಕರು ಹಿಂದೆ ಕೂರಿಸಿದ್ದರು. ಇವರು ಮುಂದೆ ತಂದರು. ಕೈ ಅದರ ಮೂಗಿಗೇ ಬಂದಾಗ, ಯಾರೂ ಇಲ್ಲ, ಇಳಿ ಅಂತ ಅದು ಪ್ರೆಸ್ಸಿಗೆ ಹೇಳಿತು." ವೃಂದಾ ಉಕ್ಕಿನ ಗೋಡೆ ತಟ್ಟಿದರು. "ಗೋಡೆ ಇರೋದೇ ಮೂವತ್ತಕ್ಕೆ. ಅದರಾಚೆ ನಲವತ್ತೊಂದರಲ್ಲಿ ಏನು ಕಂಡಿತು ಅಂತ ಇಲ್ಲಿ ಒಬ್ಬರಿಗೂ ಕೇಳಬೇಕು ಅನ್ನಿಸಲಿಲ್ಲ. ಎರಡು ಡೆಸಿಮಲ್ ನೋಡಿ ಕೈಮುಗಿದಿರಿ."

"ಮತ್ತ ಟೇಪು?" ಕೊಟ್ರಪ್ಪ ಕೇಳಿದರು.

"ಕೈ ಜಜ್ಜಿದಾಗ ಟೇಪು ಇರಲಿಲ್ಲ. ಇದ್ದಿದ್ದರೆ ಫಲಕದಲ್ಲಿ ಎಂಬತ್ತು ಇರ್ತಿತ್ತು. ಆಮೇಲೆ ಅಂಟಿಸಿದ್ದು. ಬೀಗದ ಕೈ ಇದ್ದವರು. ಅಲ್ಲವೇ ಬದರಿನಾಥ್?"

ಅವನು ನೆಲ ನೋಡುತ್ತ ಹೇಳಿದ. "ನನ್ನ ಕೆಲಸ ಹೋಗತ್ತೆ ಅಂತ... ಅವಳು ಓದಿಲ್ಲ. ಟೇಪ್ ಅಂದ್ರೆ ಎಲ್ಲರೂ ನಂಬ್ತಾರೆ ಅಂತ ಗೊತ್ತಿತ್ತು."

"ನಂಬಿದರು ಕೂಡ," ಎಂದರು ವೃಂದಾ. ಅವನ ಕಡೆ ಮತ್ತೆ ತಿರುಗಲಿಲ್ಲ.

ಕೊಟ್ರಪ್ಪ ಸಿಡುಕಿದರು. "ದೂರಿನಾಗ ಆಕಿ ಹೆಸರು ಹೊಡೆದು ಇವನ ಹೆಸರು ಬರಿಯೋಣ್ರಿ, ಸುಬ್ರಾಯರ."

"ಬರೆಯೋಣ," ಎಂದೆ.

"ಸ್ವಲ್ಪ ತಾಳಿ," ಎಂದರು ವೃಂದಾ. "ಮಿಷನ್ನು ನಿಲ್ಲಕೂಡದು ಅಂತ ಇವರಿಗೆ ಹೇಳಿದ್ದು ಯಾರು?"

ಬದರಿನಾಥ ತಲೆಯೆತ್ತಿ ಮಾಲೀಕರನ್ನು ನೋಡಿದ. ಕೊಟ್ರಪ್ಪ ಬಾಗಿಲ ಕಡೆ ನೋಡಿದರು.

"ಸುಬ್ರಾಯರೇ, ಎರಡು ಹೆಸರಿಗೆ ಜಾಗ ಬಿಡಿ," ಎಂದು ವೃಂದಾ ಕೈ ತೊಳೆಯಲು ಹೊರಟರು.